ಅಣ್ಣನನ್ನು ಇನ್ನೊಂದು ಸ್ಟೇಷನ್ನಿಗೆ ಹಾಕಿದ್ದು

"ನನ್ನನ್ನ ಸ್ಟೇಷನ್ನಿಗೆ ಹಾಕಿಸ್ತಾ ಇದ್ದೀಯಂತೆ. ನಿಜವೋ ಸುಳ್ಳೋ, ಅಷ್ಟು ಹೇಳು ಸಾಕು."

ಅಣ್ಣ ಅಂಗಡಿಯ ಗಾಜಿನ ಮೇಜಿಗೆ ಎರಡೂ ಕೈ ಊರಿ ನಿಂತಿದ್ದ. ಲೆನ್ಸು ಉಜ್ಜಿದ ಬಿಳಿ ಹಿಟ್ಟು ಮೊಣಕೈವರೆಗೂ ಮೆತ್ತಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಬಂದವನು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕೆಲಸ ಅರ್ಧಕ್ಕೆ ಬಿಡುವ ಜಾತಿಯವನಲ್ಲ ಅವನು.

ತಮ್ಮ ಆಗ ಪಕ್ಕದಂಗಡಿಯ ಟೈಲರಿನ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಟೈಲರಿನ ಮೂಗಿನ ಮೇಲೆ ಪರೀಕ್ಷೆಯ ದುಂಡು ಫ್ರೇಮು, ಒಂದು ಕಣ್ಣಿಗೆ ಕಪ್ಪು ಮುಚ್ಚಳ, ಇನ್ನೊಂದು ಕಣ್ಣಿಗೆ ಗಾಜು. ತಮ್ಮ ತಲೆ ಎತ್ತದೆ ಗಾಜು ಬದಲಾಯಿಸುತ್ತಾ ಹೇಳಿದ:

"ನಿಜ. ನಿನಗೆ ಯಾರು ಹೇಳಿದ್ರು? ನಾಳೆ ನಾನೇ ಹೇಳೋಣ ಅಂತಿದ್ದೆ."

"ನಾಳೆ ಹೇಳೋನು. ಹಾಕಿಸಿ ಆದ್ಮೇಲೆ ಹೇಳೋನು."

"ಅದರಲ್ಲಿ ಮೊದಲೇ ಕೇಳೋದೇನಿದೆ ಅಣ್ಣಾ. ನಿನ್ನ ಒಳ್ಳೇದಕ್ಕೇ ತಾನೇ. ಟೈಲರೇ, ಈ ಗಾಜು ಚೆನ್ನಾಗಿದೆಯೋ, ಇದು ಚೆನ್ನಾಗಿದೆಯೋ?"

"ಎರಡೂ ಚೆನ್ನಾಗಿಲ್ಲ," ಅಂದ ಟೈಲರ್ ಸಣ್ಣ ದನಿಯಲ್ಲಿ.

"ಅಪ್ಪ ಇದ್ದಿದ್ರೆ ಏನಂತಿದ್ರೋ?" ಅಂದ ಅಣ್ಣ.

"ಖುಷಿಪಡ್ತಿದ್ರು. ಪಾಪ, ಅವರ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಇದ್ದಿದ್ರೆ ಮೊದಲು ಅವರೇ ಹಾಕಿಸ್ತಿದ್ರು."

ಅಣ್ಣ ವ್ಯಾಪಾರದ ಮಾತಿನ ಹಾಗೆ ಕೇಳಿದ: "ಎಷ್ಟು ದಿನ?"

"ದಿನದ ಮಾತೆಲ್ಲಿ ಬಂತು? ಎರಡು ವರ್ಷ ಗ್ಯಾರಂಟಿ."

"ಎರಡು ವರ್ಷ."

"ಚೆನ್ನಾಗಿ ನೋಡ್ಕೊಂಡ್ರೆ ಐದಾರು ವರ್ಷ ಅಲ್ಲಾಡಲ್ಲ ಅಂತ ಹಾಕೋಕೆ ಬರೋ ಹುಡುಗ, ಸಿಗ್ನಲ್, ಹೇಳಿದ್ದಾನೆ."

"ಹಗಲೂ ರಾತ್ರೀನಾ?"

"ರಾತ್ರೀನೇ ಮುಖ್ಯ ಕಣಣ್ಣಾ. ಕತ್ತಲಲ್ಲೂ ಮುಖ ಸ್ಪಷ್ಟವಾಗಿ ಬೀಳುತ್ತಂತೆ."

ಟೈಲರ್ ತನ್ನ ತೊಡೆಯನ್ನು ತಾನೇ ಹಿಸುಕಿಕೊಳ್ಳುತ್ತಿದ್ದ. ತೆರೆದಿದ್ದ ಒಂದು ಕಣ್ಣನ್ನು ಯಾರ ಕಡೆ ತಿರುಗಿಸಬೇಕೋ ಗೊತ್ತಾಗದೆ ಛಾವಣಿ ನೋಡುತ್ತಿದ್ದ.

"ಸರಿ," ಅಂದ ಅಣ್ಣ. "ಯಾರೂ ಬಂದು ನನ್ನ ಕೈ ಹಿಡಿದು ಕರ್ಕೊಂಡು ಹೋಗೋದು ಬೇಡ. ನಾನೇ ಹೋಗ್ತೀನಿ." ಹೇಳಿ ಹೊರಟುಹೋದ. ಮೇಜಿನ ಗಾಜಿನ ಮೇಲೆ ಎರಡು ಬಿಳಿ ಅಂಗೈ ಗುರುತು ಉಳಿಯಿತು.

"ನೋಡಿದ್ರಾ, ಒಳ್ಳೇದು ಮಾಡೋಕೆ ಹೋದ್ರೂ ಮುನಿಸು," ಅಂದ ತಮ್ಮ, ಗುರುತು ಒರೆಸುತ್ತಾ. "ಶೆಡ್ಡಿಗೆ ಹೋದ, ಬಿಡಿ. ಕೆಳಗಿನ ಸಾಲು ಓದಿ."

"ಕಾಣಿಸ್ತಿಲ್ಲ."

"ಮೇಲಿನದು?"

"ಅದೂ ಕಾಣಿಸ್ತಿಲ್ಲ. ಕಣ್ಣಲ್ಲಿ ನೀರು ತುಂಬಿದೆ."

ಇಷ್ಟು ಆಗುವ ಹೊತ್ತಿಗೆ ಕೆಡಬೇಕಾದ್ದೆಲ್ಲ ಕೆಟ್ಟಿತ್ತು. ಕೆಟ್ಟದ್ದು ಹೇಗೆ ಅಂತ ಹೇಳುವುದಕ್ಕೆ ನನಗೇ ಬೇಜಾರು. ಆದರೂ ಹೇಳುತ್ತೇನೆ.

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಚಾಳೀಸು. ಕನ್ನಡಕದ ಅಂಗಡಿಯವನಿಗೆ ಇನ್ನೇನು ಹೆಸರಿಡುತ್ತಾರೆ? ದಾರಿಯಲ್ಲಿ ಎದುರಾದವರಿಗೆ ನಮಸ್ಕಾರ ಹೇಳುವ ಮೊದಲೇ ಅವರ ಕಣ್ಣು ನೋಡಿ, "ಬಲಗಡೆ ಸ್ವಲ್ಪ ಇಳಿದಿದೆ, ಬನ್ನಿ ಒಂದ್ಸಲ," ಅನ್ನುವವನು. ಅಂಗಡಿ ಹಿಂದೆಯೇ ಮನೆ. ರೈಲಿನ ಡಬ್ಬಿ ಜೋಡಿಸಿದ ಹಾಗೆ ಉದ್ದಕ್ಕೆ ಹೋಗುವ ಮನೆ ಅದು. ಬೀದಿಗೆ ಅಂಗಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಅಂಗಳ, ಅಂಗಳದ ಆಚೆ ಅಣ್ಣನ ಕೋಣೆ, ಕೊನೆಗೆ ಲೆನ್ಸು ಉಜ್ಜುವ ಶೆಡ್ಡು. ಶೆಡ್ಡಿನಿಂದ ಬೀದಿಗೆ ಬರಲು ಮನೆಯ ಪಕ್ಕದಲ್ಲಿ ಒಂದು ಸಂದಿ. ಗೋಡೆಗಳು ಹಳೇ ಕಲ್ಲಿನವು. ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ.

ಅಂಗಡಿ ಇಬ್ಬರದು. ಮುಂದೆ ಕೂತು ಕಣ್ಣು ನೋಡುವವನು ತಮ್ಮ, ಹಿಂದೆ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು ಅಣ್ಣ. ತಮ್ಮನಿಗೆ ಉಜ್ಜುವ ಕಲ್ಲಿನ ಮುಂದೆ ಕೈ ನಿಲ್ಲುವುದಿಲ್ಲ. ಒಂದು ಸಲ ಪ್ರಯತ್ನ ಮಾಡಿ ದುಂಡು ಗಾಜನ್ನು ಅರ್ಧಚಂದ್ರ ಮಾಡಿದ್ದ. ಅಣ್ಣನ ಹೆಂಡತಿ ತೀರಿಹೋಗಿ ವರ್ಷಗಳಾದವು. ಮಗಳು ಬೇರೆ ಊರಿನಲ್ಲಿ ಗಂಡನ ಜತೆ ಇದ್ದಾಳೆ. "ನಿಮಗೆ ಅಂತಲೇ ಒಂದು ಕೋಣೆ ಖಾಲಿ ಇಟ್ಟಿದ್ದೀವಿ, ಬಂದ್ಬಿಡಿ ಅಪ್ಪಾ," ಅಂತ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ. "ನಾನು ಬಂದ್ರೆ ಇವನು ಅಂಗಡಿ ಬಾಗಿಲು ಹಾಕಬೇಕಾಗುತ್ತೆ ಕಣಮ್ಮಾ," ಅಂತ ಅಣ್ಣನೂ ಅಷ್ಟೇ ಸಲ ಹೇಳುತ್ತಾನೆ. ಊಟ ತಮ್ಮನ ಮನೆಯಲ್ಲಿ. ದಿನಾ ಬೆಳಿಗ್ಗೆ ಸಂದಿಯಿಂದ ಬಂದು, ಅಂಗಡಿ ಮುಂದೆ ನಿಂತು, "ಬೋರ್ಡು ಸೊಟ್ಟಗಿದೆ ನೋಡೋ," ಅಂತ ತಮ್ಮನಿಗೆ ಹೇಳಿದ ಮೇಲೆಯೇ ಅವನಿಗೆ ದಿನ ಶುರು. ಬೋರ್ಡು ಯಾವತ್ತೂ ಸೊಟ್ಟಗಿರಲಿಲ್ಲ. ಅಣ್ಣ ತಮ್ಮಂದಿರು ಪ್ರೀತಿ ಮಾತಾಡಿಕೊಳ್ಳುವುದಕ್ಕೆ ಬೇರೆ ದಾರಿ ಕಲಿತವರಲ್ಲ.

ಈ ಅಣ್ಣನಿಗೆ ಜೀವನದಲ್ಲಿ ಒಂದೇ ಹೆಮ್ಮೆ. "ನಮ್ಮ ಮನೆತನದಲ್ಲಿ ಯಾರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ." ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನ ಸೈಕಲ್ಲು ಕಳುವಾದಾಗ ದೂರು ಕೊಡಲೂ ಹೋಗಲಿಲ್ಲ. ಕದ್ದವನು ಅದೇ ಸೈಕಲ್ಲು ತುಳಿಯುತ್ತಾ ಅಂಗಡಿ ಮುಂದೆ ಹಾದುಹೋದಾಗ, "ಚೈನಿಗೆ ಎಣ್ಣೆ ಹಾಕಪ್ಪಾ, ಕೇಳೋಕಾಗ್ತಿಲ್ಲ," ಅಂತ ಹೇಳಿ ಕಳಿಸಿದ. ಕಳ್ಳ ಎಣ್ಣೆ ಹಾಕಿಸಿದ. ಅಣ್ಣನಿಗೆ ಅಷ್ಟೇ ಸಮಾಧಾನ.

ಹೀಗಿರುವಾಗ ಎದುರುಗಡೆಯ ಔಷಧಿ ಅಂಗಡಿಯವನು ಬಾಗಿಲ ಮೇಲೆ ಒಂದು ಕ್ಯಾಮೆರಾ ಹಾಕಿಸಿದ. ಬೀದಿ ಪೂರ್ತಿ ಹೋಗಿ ಅದರ ಮುಂದೆ ನಿಂತು ಬಂತು. ಚಾಳೀಸಿನ ಊಟ ಕೆಟ್ಟಿತು.

"ಕಣ್ಣಿನ ವ್ಯಾಪಾರ ನಮ್ಮದು," ಅಂದ ಹೆಂಡತಿಗೆ. "ಗೋಡೆ ಮೇಲೆ ಕಣ್ಣು ಅವನದು. ಜನ ಏನಂದ್ಕೋತಾರೆ?"

"ಮಾತ್ರೆ ಕಳುವಾಗುತ್ತೆ, ಅವನು ಹಾಕಿಸಿದ. ನಮ್ಮಲ್ಲಿ ಕದಿಯೋಕೆ ಏನಿದೆ? ಮಾಡಿಸಿ ತಗೊಂಡು ಹೋಗದೆ ಬಿಟ್ಟವರ ಕನ್ನಡಕ. ಕದ್ದವನಿಗೆ ತಲೆಸುತ್ತು ಬರುತ್ತೆ, ತಾನಾಗೇ ಸಿಕ್ಕಿಬೀಳ್ತಾನೆ," ಅಂದಳು ಹೆಂಡತಿ. ಅವಳು ಸರಿಯಾಗೇ ಹೇಳಿದ್ದಳು. ಸರಿಯಾಗಿ ಹೇಳಿದ ಮಾತನ್ನು ಆ ಮನೆಯಲ್ಲಿ ಯಾರೂ ಕೇಳಿದ ಉದಾಹರಣೆ ಇಲ್ಲ.

ಕ್ಯಾಮೆರಾ ಹಾಕುವವನು ಬಂದ. ಬಾಯಿ ಬಿಟ್ಟರೆ ಸಿಗ್ನಲ್ಲು, ಮುಚ್ಚಿದರೆ ಸಿಗ್ನಲ್ಲು. ಅದೇ ಅವನ ಹೆಸರಾಯಿತು. ಒಂದು ಬಿಳಿ ಡಬ್ಬಿ ತಂದು ಅಂಗಡಿಯ ಮೂಲೆಯಲ್ಲಿ ಇಟ್ಟು, "ಇದು ಬೇಸ್ ಸ್ಟೇಷನ್ ಸಾರ್," ಅಂದ. "ಕ್ಯಾಮೆರಾಗೆ ಬುದ್ಧಿ ಇರಲ್ಲ, ಬರೀ ಕಣ್ಣು. ಬುದ್ಧಿ ಎಲ್ಲಾ ಸ್ಟೇಷನ್ನಲ್ಲಿ. ಕಂಡಿದ್ದನ್ನ ಕ್ಯಾಮೆರಾ ಸ್ಟೇಷನ್ನಿಗೆ ಹೇಳುತ್ತೆ, ಸ್ಟೇಷನ್ ನಿಮ್ಮ ಫೋನಿಗೆ ಹೇಳುತ್ತೆ."

"ನೀವು ಸ್ಟೇಷನ್ ಇಲ್ಲದೇ ಹುಟ್ಟಿದವರು," ಅಂತ ಹೆಂಡತಿ ಒಳಗಿನಿಂದ ಗಂಡನಿಗೆ ಹೇಳಿದ್ದು ಸಿಗ್ನಲ್ಲಿಗೂ ಕೇಳಿಸಿತು.

ಒಂದು ಅಂಗಡಿಗೆ ಅಂತ ಶುರುವಾದದ್ದು ಸಂದಿಗೊಂದು, ಅಡುಗೆಮನೆಯ ಹಿಂಬಾಗಿಲಿಗೊಂದು, ಶೆಡ್ಡಿಗೊಂದು ಅಂತ ಬೆಳೆಯಿತು. ಫೋನಿನ ಪರದೆಯಲ್ಲಿ ನಾಲ್ಕು ಚೌಕ ಇತ್ತು. ನಾಲ್ಕು ಚೌಕ ಇದ್ದ ಮೇಲೆ ನಾಲ್ಕು ಕ್ಯಾಮೆರಾ ಬೇಡವೇ? ಚಾಳೀಸಿನ ತರ್ಕ ಇಷ್ಟೇ, ಇದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಪ್ರತಿ ಕ್ಯಾಮೆರಾಗೂ ಒಂದು ಹೆಸರು ಕೊಡಿ ಅಂತ ಫೋನು ಕೇಳಿತು.

"ಇದಕ್ಕೇನಿಡೋಣ ಸಾರ್? ಇಲ್ಲಿ ಯಾರು ಓಡಾಡ್ತಾರೆ?" ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ ಸಿಗ್ನಲ್.

"ಇವಳು," ಅಂದ ಚಾಳೀಸು. ಅವನು ಹೆಂಡತಿಯನ್ನು ಬೇರೆ ಹೆಸರಿನಿಂದ ಕರೆದದ್ದು ಯಾರಿಗೂ ನೆನಪಿಲ್ಲ. ಸಿಗ್ನಲ್ "ಇವಳು" ಅಂತಲೇ ಬರೆದ.

"ಆ ಶೆಡ್ಡಲ್ಲಿ?"

"ಅಣ್ಣ."

"ಅಣ್ಣ" ಅಂತ ಬರೆದ. ಅಂಗಡಿ ಬಾಗಿಲಿನದು "ಗಿರಾಕಿ" ಆಯಿತು. ಸಂದಿಯದು ಸಂದಿ.

ಅವತ್ತಿನಿಂದ ಚಾಳೀಸಿನ ಬಾಳು ಹಾಳಾಯಿತು. ಗಿರಾಕಿಯ ಕಣ್ಣಿಗೆ ಗಾಜು ಹಿಡಿದಿರುವಾಗ ಜೇಬು ನಡುಗುತ್ತಿತ್ತು. ತೆಗೆದು ನೋಡಿದರೆ, "ಇವಳು: ಚಲನೆ ಕಂಡುಬಂದಿದೆ." ಅಡುಗೆಮನೆಯಲ್ಲಿ ಹೆಂಡತಿ ಚಲಿಸದೆ ಊಟ ಹೇಗಾಗುತ್ತದೆ? ಮತ್ತೆ ನಡುಗಿದರೆ, "ಸಂದಿ: ಚಲನೆ ಕಂಡುಬಂದಿದೆ." ಬೆಕ್ಕು. ಮೂರು ಚೌಕ ಹೀಗೆ ಬಡಿದುಕೊಳ್ಳುತ್ತಿದ್ದವು. ನಾಲ್ಕನೆಯದು ಮಾತ್ರ ಬೂದು ಬಣ್ಣಕ್ಕೆ ತಿರುಗಿ ಮಲಗಿತ್ತು. "ಅಣ್ಣ: ಸಂಪರ್ಕದಲ್ಲಿಲ್ಲ." ಅಂಗಡಿಯ ಮೂಲೆಯಿಂದ ಶೆಡ್ಡಿನವರೆಗೆ ಅಷ್ಟು ಕಲ್ಲುಗೋಡೆ ದಾಟಿ ಸಿಗ್ನಲ್ಲು ಹೋಗುತ್ತಿರಲಿಲ್ಲ. ಶೆಡ್ಡಿನ ಸೂರಿನಲ್ಲಿ ನೇತಾಡುತ್ತಿದ್ದದ್ದು ಕ್ಯಾಮೆರಾ ಅಂತ ಅಣ್ಣನಿಗೆ ಗೊತ್ತೇ ಇರಲಿಲ್ಲ. ಹೊಸ ದೀಪ ಅಂದುಕೊಂಡು ಅದರ ಸ್ವಿಚ್ಚು ಹುಡುಕಿ ಸುಸ್ತಾಗಿ ಬಿಟ್ಟಿದ್ದ.

ಆ ಬೂದು ಚೌಕ ಚಾಳೀಸಿಗೆ ಹಲ್ಲಿನ ಸಂದಿಯ ನಾರಾಯಿತು. ಕೂತರೂ ಅದೇ, ಎದ್ದರೂ ಅದೇ. ಕೊನೆಗೆ ತಡೆಯಲಾಗದೆ ಸಿಗ್ನಲ್ಲಿಗೆ ಫೋನ್ ಮಾಡಿದ. ಅಂಗಡಿಗೂ ಟೈಲರಿನ ಅಂಗಡಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಹಲಗೆಯ ಆಚೆ ಟೈಲರ್ ಬಟ್ಟೆ ಕತ್ತರಿಸುತ್ತಾ ಇದ್ದ. ಅವನ ಕಿವಿಗೆ ಬಿದ್ದದ್ದು ಇದು:

"ಹಲೋ. ನೋಡಪ್ಪಾ, ಅಣ್ಣ ಕೈಗೇ ಸಿಗ್ತಿಲ್ಲ. ... ಹೌದು, ನಾನು ಎಷ್ಟು ಪ್ರಯತ್ನಪಟ್ಟೆ, ಜಪ್ಪಯ್ಯ ಅನ್ನಲ್ಲ. ... ಈ ಸ್ಟೇಷನ್ನಿಗೆ ಅಣ್ಣನ್ನ ಹಿಡಿಯೋ ಶಕ್ತಿ ಇಲ್ಲ ಅಂತೀಯಾ? ... ಹಾಗಾದ್ರೆ ಇನ್ನೊಂದು ಸ್ಟೇಷನ್ನಿಗೆ ಹಾಕ್ಬಿಡು. ... ಎರಡೂ ಸ್ಟೇಷನ್ನಿಗೆ ಹಾಕೋಕಾಗಲ್ವಾ? ... ಓಹೋ, ಇಲ್ಲಿಂದ ಹೆಸರು ತೆಗೆಸಿ ಅಲ್ಲಿ ಸೇರಿಸಬೇಕು. ಸರಿ, ಸೇರಿಸು. ... ಇವಳು ಇದೇ ಸ್ಟೇಷನ್ನಲ್ಲಿರ್ಲಿ, ಇವಳದ್ದೇನೂ ತೊಂದರೆ ಇಲ್ಲ. ... ಇನ್ನೊಂದು ಮಾತು. ಈ ಸಲ ಅಣ್ಣನ್ನ ಗೋಡೆಗೆ ಒತ್ತಿ ಸರಿಯಾಗಿ ಬಿಗಿ ಮಾಡು. ತಲೆ ಕೆಳಗೆ ಬಗ್ಗಿಸು. ಬಹಳ ಅಲ್ಲಾಡ್ತಾನೆ."

ಟೈಲರ್ ಕತ್ತರಿಸುತ್ತಿದ್ದ ಅಂಗಿಗೆ ಆಮೇಲೆ ಮೂರು ತೋಳು ಬಂತು. ಒಳ್ಳೆಯ ಮನುಷ್ಯ ಅವನು. ಒಳ್ಳೆಯ ಮನುಷ್ಯರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದೇ ಅವರ ರೋಗ. ಮಾರನೆಯ ದಿನ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಶೆಡ್ಡಿಗೆ ಹೋಗಿ, "ಅಣ್ಣೋರೇ, ನಾನು ಹೇಳಿದೆ ಅಂತ ಹೇಳ್ಬೇಡಿ," ಅಂತ ಎಲ್ಲವನ್ನೂ ಹೇಳಿದ. ಹೇಳಿ, ತಾನು ಏನೂ ಹೇಳಿಲ್ಲ ಅಂತ ತೋರಿಸಲು, ಕನ್ನಡಕಕ್ಕೆ ಹೋದ ವಾರವೇ ಕಣ್ಣು ತೋರಿಸಿದ್ದರೂ, ಇನ್ನೊಂದು ಸಲ ನೋಡಿ ಅಂತ ನೇರ ಚಾಳೀಸಿನ ಅಂಗಡಿಗೆ ಬಂದು ಪರೀಕ್ಷೆಗೆ ಕೂತ. ಮಿಕ್ಕದ್ದು ಆಗಲೇ ಹೇಳಿದ್ದೇನೆ.

ಈಗ ಮುಂದಿನದು.

ಟೈಲರಿನ ಕಣ್ಣು ಒಣಗಲಿ ಅಂತ ಚಾಳೀಸು ಕಾಯುತ್ತಿದ್ದಾಗ ಜೇಬು ನಡುಗಿತು. "ಸಂದಿ: ಚಲನೆ ಕಂಡುಬಂದಿದೆ." ತೆಗೆದು ನೋಡಿದ. ಅಣ್ಣ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ್ದಾನೆ, ಕೈಯಲ್ಲಿ ಚೀಲ. ಚೀಲದ ಬಾಯಿಂದ ಟವೆಲ್ಲು, ಕಂಬಳಿಯ ಅಂಚು ಕಾಣುತ್ತಿತ್ತು. ಎರಡು ವರ್ಷಕ್ಕಾಗುವಷ್ಟು ಬಟ್ಟೆ ಅವನ ಹತ್ತಿರ ಇರಲಿಲ್ಲ. ಇದ್ದದ್ದನ್ನೆಲ್ಲ ತುಂಬಿಕೊಂಡಿದ್ದ.

"ಇವನೆಲ್ಲಿಗೆ ಹೊರಟ?" ಅಂದ ಚಾಳೀಸು.

ಟೈಲರ್ ಫೋನಿನೊಳಕ್ಕೆ ಒಂದೇ ಕಣ್ಣು ತೂರಿಸಿ ನೋಡಿದ. "ಪಾಪ. ಇಷ್ಟು ಬೇಗ ಹೋಗ್ತಾರೆ ಅಂದ್ಕೊಂಡಿರಲಿಲ್ಲ ನಾನು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ ಏನ್ ಸಾರ್ ಇದು. ನೀವೇ ಕಂಪ್ಲೇಂಟ್ ಕೊಟ್ಟು ನೀವೇ ಕೇಳಿದ್ರೆ ಹೆಂಗೆ? ಒಡಹುಟ್ಟಿದವರು. ತಲೆ ಬಗ್ಗಿಸಿ ಗೋಡೆಗೆ ಬಿಗಿಸಿ ಅಂತೆಲ್ಲ ಹೇಳಿದ್ರಲ್ಲ, ನನಗೆ ಊಟ ಸೇರಲಿಲ್ಲ."

ಚಾಳೀಸಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾಲು ಓಡಿತು. ಕೈಯಲ್ಲಿ ಪರೀಕ್ಷೆಯ ಗಾಜು ಹಾಗೇ ಇತ್ತು. "ನನ್ನ ಮುಚ್ಚಳ ತೆಗೀರಿ," ಅಂತ ಟೈಲರ್ ಕೂಗುತ್ತಾ ಅದೇ ಫ್ರೇಮಿನಲ್ಲಿ ಹಿಂದೆ ಓಡಿ ಬಂದು ಕಂಬಕ್ಕೆ ಭುಜ ತಗುಲಿಸಿಕೊಂಡ.

ಪೊಲೀಸ್ ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ಹಣೆಗೆ ಕೈ ಕೊಟ್ಟು ಕೂತಿದ್ದರು. ಎದುರಿಗೆ ಅಣ್ಣ, ಮಡಿಲಲ್ಲಿ ಚೀಲ.

"ನೋಡ್ರೀ," ಅಂದರು ಇನ್‌ಸ್ಪೆಕ್ಟರು, ಒಳಗೆ ನುಗ್ಗಿದ ಚಾಳೀಸಿಗೆ, "ಇವರು ನಿಮ್ಮವರಾ? ಬಂದಾಗಿಂದ ನನ್ನನ್ನ ಒಳಗೆ ಹಾಕಿ, ಒಳಗೆ ಹಾಕಿ ಅಂತ ಕೂತಿದ್ದಾರೆ. ಯಾಕೆ ಅಂದ್ರೆ ಅದು ನಿಮಗೇ ಗೊತ್ತಿರಬೇಕು ಅಂತಾರೆ. ಏನ್ ಮಾಡಿದ್ದೀರಿ ಅಂದ್ರೆ ಲೆನ್ಸ್ ಉಜ್ಜಿದ್ದೀನಿ ಅಂತಾರೆ. ಬೆಳಿಗ್ಗೆಯಿಂದ ನಾನು ಒಂದು ಲೋಟ ಕಾಫಿ ಕುಡಿದಿಲ್ಲ."

"ಸಾರ್, ತಪ್ಪು ತಿಳ್ಕೊಂಡಿದ್ದಾನೆ. ಆ ಸ್ಟೇಷನ್ ಇದಲ್ಲ."

"ಮತ್ಯಾವ ಸ್ಟೇಷನ್?"

"ನಮ್ಮ ಮನೇಲೇ ಇದೆ ಸಾರ್."

ಇನ್‌ಸ್ಪೆಕ್ಟರು ಹಣೆಯಿಂದ ಕೈ ತೆಗೆದರು. "ನಿಮ್ಮ ಮನೇಲಿ ಸ್ಟೇಷನ್ ಇದೆ."

"ಒಂದಿದೆ. ಇನ್ನೊಂದನ್ನ ಇವತ್ತು ಹಾಕ್ತಾರೆ. ಒಂದೇ ಸ್ಟೇಷನ್ನಲ್ಲಿ ಪೂರ್ತಿ ಏರಿಯಾ ಹಿಡಿಯೋಕಾಗ್ತಿಲ್ಲ ಸಾರ್. ಹಿಂದುಗಡೆ ಯಾರು ಏನು ಮಾಡಿದ್ರೂ ಗೊತ್ತಾಗಲ್ಲ."

"ನನಗೂ ಅದೇ ತೊಂದರೆ," ಅಂದರು ಇನ್‌ಸ್ಪೆಕ್ಟರು. "ಇನ್ನೊಂದು ಸ್ಟೇಷನ್ ಕೊಡಿ ಅಂತ ಮೇಲಿನವರನ್ನ ಕೇಳಿ ಕೇಳಿ ಸಾಕಾಗಿದೆ. ನಿಮಗೆ ಯಾರು ಕೊಟ್ರು?"

"ಸಿಗ್ನಲ್ ಕೊಟ್ಟ ಸಾರ್. ಎರಡನೇದಕ್ಕೆ ರಿಯಾಯ್ತಿ ಇದೆ."

ಒಂದು ಕ್ಷಣ ಚಾಳೀಸನ್ನೇ ಒಳಗೆ ಹಾಕುವ ಯೋಚನೆ ಇನ್‌ಸ್ಪೆಕ್ಟರ ಮುಖದ ಮೇಲೆ ಹಾದುಹೋಯಿತು. ಚಾಳೀಸು ಫೋನು ತೆಗೆದು ತೋರಿಸಿದ. ನಾಲ್ಕು ಚೌಕ. "ಗಿರಾಕಿ", "ಸಂದಿ", "ಇವಳು". ಕೊನೆಯದು ಬೂದು. "ಅಣ್ಣ: ಸಂಪರ್ಕದಲ್ಲಿಲ್ಲ."

ಇನ್‌ಸ್ಪೆಕ್ಟರು ಚೌಕ ನೋಡಿದರು, ಅಣ್ಣನನ್ನು ನೋಡಿದರು, ಬಾಗಿಲಲ್ಲಿ ಒಂದೇ ಕಣ್ಣಿನಲ್ಲಿ ನಿಂತ ಟೈಲರನ್ನು ನೋಡಿದರು. "ಅಣ್ಣನ ಹೆಸರನ್ನ ಯಂತ್ರಕ್ಕಿಟ್ಟು ಬೀದಿಗೆಲ್ಲ ಕೇಳೋ ಹಾಗೆ ಮಾತಾಡಿದ್ದೀರಿ. ಇದಕ್ಕೆ ನನ್ನ ಹತ್ತಿರ ಯಾವ ಸೆಕ್ಷನ್ನೂ ಇಲ್ಲ. ಇದ್ದಿದ್ರೆ ಹಾಕ್ತಿದ್ದೆ. ಯಜಮಾನರೇ, ಮನೆಗೆ ಹೋಗಿ. ನಿಮ್ಮ ಮೇಲೆ ಏನೂ ಇಲ್ಲ."

"ಏನೂ ಇಲ್ಲ ಅಂತೀರಾ?" ಅಂದ ಅಣ್ಣ.

"ಏನೂ ಇಲ್ಲ."

"ಅಂದ್ರೆ ನಾನು ಸುಮ್ಮನೆ ಬಂದೆ. ಸುಮ್ಮನೆ ಈ ಮೆಟ್ಟಿಲು ಹತ್ತಿದೆ."

ಅಲ್ಲಿದ್ದವರಲ್ಲಿ ಆ ಮಾತಿನ ತೂಕ ಗೊತ್ತಿದ್ದವನು ಚಾಳೀಸು ಒಬ್ಬನೇ. ಅವನು ಬೇರೆ ಎಲ್ಲೋ ನೋಡಿದ. ಇಳಿಯುವಾಗ ಅಣ್ಣ ಆ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿಕೊಂಡು ಇಳಿದ. ಮೂರೇ ಮೆಟ್ಟಿಲು. ಅಷ್ಟು ವರ್ಷ ಅವನು ಹೆದರಿದ್ದು ಮೂರೇ ಮೆಟ್ಟಿಲಿಗೆ.

ವಾಪಸ್ ಬರುವ ದಾರಿ ಇನ್ನೂ ಕೆಟ್ಟದಾಗಿತ್ತು. ಬೀದಿ ಹೊರಗೆ ಬಂದು ನಿಂತಿತ್ತು.

"ಬಿಟ್ರಾ?" ಅಂದ ಔಷಧಿ ಅಂಗಡಿಯವನು.

"ಬಿಡೋದೇನು, ಹಿಡಿದೇ ಇರಲಿಲ್ಲ," ಅಂದ ಚಾಳೀಸು.

"ಹಾಗೇ ಹೇಳಬೇಕು. ಎಲ್ಲರೂ ಹಾಗೇ ಹೇಳೋದು. ಅಣ್ಣೋರೇ, ಪೆಟ್ಟು ಬಿದ್ದಿದ್ರೆ ಮುಲಾಮು ಇದೆ, ಸಂಕೋಚ ಬೇಡ."

ಟೈಲರ್ ಮುಂದೆ ಬಂದು, "ಇಲ್ಲ ಇಲ್ಲ, ಎಲ್ಲಾ ನನ್ನ ಕಿವಿಯ ತಪ್ಪು, ಅಣ್ಣೋರು ನಿರಪರಾಧಿ," ಅಂತ ಗಟ್ಟಿಯಾಗಿ ಸಾರಿದ. ಅಷ್ಟು ಹೊತ್ತು ಅನುಮಾನ ಇಲ್ಲದಿದ್ದವರಿಗೂ ಆಗ ಅನುಮಾನ ಬಂತು. ನಿರಪರಾಧಿ ಅನ್ನುವ ಮಾತನ್ನು ಯಾರಾದರೂ ಸುಮ್ಮನೆ ಆಡುತ್ತಾರೆಯೇ?

ಅಣ್ಣ ಸಂದಿಯಲ್ಲಿ ನಡೆದು ಶೆಡ್ಡಿಗೆ ಹೋದ. ಚಾಳೀಸು ಹಿಂದೆ ಹೋದ. ಶೆಡ್ಡಿನಲ್ಲಿ ಸಿಗ್ನಲ್ ಏಣಿ ಹತ್ತಿ ನಿಂತಿದ್ದ. ಉಜ್ಜುವ ಕಲ್ಲಿನ ಪಕ್ಕದ ಕಪಾಟಿನ ಮೇಲೆ ಇನ್ನೊಂದು ಬಿಳಿ ಡಬ್ಬಿ ಕೂತು, ಹಸಿರು ದೀಪ ಮಿಣುಕಿಸುತ್ತಿತ್ತು. ಅಣ್ಣನ ಗಾಜಿನ ಡಬ್ಬಗಳನ್ನು ಅದಕ್ಕಾಗಿ ನೆಲಕ್ಕೆ ಇಳಿಸಿದ್ದರು.

"ಬಂದ್ರಾ ಸಾರ್. ಎರಡನೇ ಸ್ಟೇಷನ್ ರೆಡಿ. ಅಣ್ಣನ್ನ ಆ ಕಡೆಯಿಂದ ತೆಗೆದು ಈ ಕಡೆಗೆ ಸೇರಿಸಿದ್ದೀನಿ. ಈಗ ನೋಡಿ, ಫುಲ್ ಸಿಗ್ನಲ್ಲು."

ಚಾಳೀಸು ಫೋನು ತೆಗೆದ. ನಾಲ್ಕೂ ಚೌಕದಲ್ಲಿ ಬಣ್ಣ ಬಂದಿತ್ತು. ನಾಲ್ಕನೆಯದರಲ್ಲಿ ಅಣ್ಣ ಚೀಲ ಹಿಡಿದು ನಿಂತಿದ್ದ, ಪಕ್ಕದಲ್ಲಿ ತಾನು ಫೋನು ನೋಡುತ್ತಾ ನಿಂತಿದ್ದ. ಎಷ್ಟು ಸ್ಪಷ್ಟ ಅಂದರೆ ಅಣ್ಣನ ಅಂಗಿಯ ಇಸ್ತ್ರಿಯ ಗೆರೆ ಕೂಡ ಕಾಣುತ್ತಿತ್ತು.

"ಒಂದು ಕೇಳ್ತೀನಿ," ಅಂದ ಅಣ್ಣ. "ಕಂಪ್ಲೇಂಟ್ ಇಲ್ಲ, ಒಪ್ಕೊಂಡೆ. ಟೈಲರಿಗೆ ಕಿವಿ ಸರಿ ಇಲ್ಲ, ನನಗೆ ಬುದ್ಧಿ ಸರಿ ಇಲ್ಲ, ಅದೂ ಸರಿ. ಇದು ಕಳ್ಳನ್ನ ಹಿಡಿಯೋ ಯಂತ್ರ ತಾನೇ?"

"ಹೂಂ."

"ಈ ಶೆಡ್ಡಿಗೆ ಬರೋದು ನಾನು. ನಾನು ಬಿಟ್ರೆ ಬೆಕ್ಕು. ಇದು ಬೆಕ್ಕಿಗಾ?"

ಇದಕ್ಕೆ ಒಂದು ನಿಜವಾದ ಉತ್ತರ ಇತ್ತು. ಫೋನಿನಲ್ಲಿ ಒಂದು ಚೌಕ ಬೂದಾಗಿತ್ತು, ನೋಡಲು ಆಗುತ್ತಿರಲಿಲ್ಲ, ಅಷ್ಟೇ ಅಣ್ಣಾ, ಇನ್ನೇನೂ ಇಲ್ಲ. ಆದರೆ ಅದನ್ನು ಹೇಳಲು ಹೋದರೆ ಎಂಥ ಪೊಳ್ಳು ಕಾರಣ ಅಂತ ತನಗೇ ಕೇಳಿಸುತ್ತದಲ್ಲ. ಚಾಳೀಸು ಕೆಮ್ಮಿದ. "ಕವರೇಜಿಗೆ," ಅಂದ.

ಹೆಂಡತಿ ಅಡುಗೆಮನೆಯ ಹಿಂಬಾಗಿಲು ದಾಟಿ ಓಡಿಬಂದಳು. ಚಾಳೀಸಿನ ಕೈಯಲ್ಲಿ ಫೋನು ನಡುಗಿ, "ಇವಳು: ಚಲನೆ ಕಂಡುಬಂದಿದೆ" ಅಂತ ತಿಳಿಸಿತು.

"ಭಾವ, ಚೀಲ ಕೆಳಗಿಡಿ. ನೀವು ಒಳಗೆ ಬನ್ನಿ, ಅನ್ನಕ್ಕಿಟ್ಟಿದ್ದೀನಿ. ರೀ, ಆ ಡಬ್ಬಿ ಕೀಳ್ರೀ ಮೊದಲು."

"ಕೀಳಲಿ," ಅಂದ ಅಣ್ಣ. ಅವನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಬರೀ ಸುಸ್ತು ಇತ್ತು. ಚೀಲವನ್ನು ಅರ್ಧ ಕೆಳಗಿಳಿಸಿದ್ದ ಕೂಡ. "ಕಿತ್ತರೆ ಇಲ್ಲೇ ಇರ್ತೀನಿ. ನನಗೇನು ಊರು ಬಿಟ್ಟು ಹೋಗೋ ಹುಚ್ಚಿಲ್ಲ. ಟೈಲರಿನ ಗಾಜು ಒಂದು ಉಜ್ಜಿದ್ದೀನಿ, ಇನ್ನೊಂದು ಉಜ್ಜಬೇಕು. ಇದು ನೋಡ್ತಾ ಇದ್ರೆ ನನಗೆ ಕೈ ಓಡಲ್ಲ ಕಣೋ."

ಎಲ್ಲರೂ ಚಾಳೀಸಿನ ಮುಖ ನೋಡಿದರು. ಸಿಗ್ನಲ್ ಕೂಡ ಏಣಿಯ ಮೇಲಿಂದ ನೋಡಿದ, ಸ್ಕ್ರೂ ತೆಗೆಯುವುದೋ ಬಿಗಿಸುವುದೋ ಅಂತ. ಚಾಳೀಸು ಫೋನು ನೋಡಿದ. ನಾಲ್ಕು ಚೌಕ, ನಾಲ್ಕಕ್ಕೂ ಬಣ್ಣ. ಈಗಷ್ಟೇ ಬಂದದ್ದು. ಇನ್ನೂ ಯಾರಿಗೂ ತೋರಿಸಿರಲಿಲ್ಲ. ಔಷಧಿ ಅಂಗಡಿಯವನಿಗಂತೂ ತೋರಿಸಿರಲಿಲ್ಲ.

"ಒಂದು ವಾರ ಇರಲಿ ಅಣ್ಣಾ," ಅಂದ. "ನೋಡೋಣ."

ಹೆಂಡತಿ ತಲೆ ಚಚ್ಚಿಕೊಳ್ಳಲು ಎತ್ತಿದ ಕೈ ಮೇಲೆಯೇ ನಿಂತಿತು. ಅದಕ್ಕೂ ಶಕ್ತಿ ಸಾಲದೆ ಕೆಳಗಿಳಿಸಿದಳು.

"ಸರಿ," ಅಂದ ಅಣ್ಣ. ಬೆಳಿಗ್ಗೆ ಅಂಗಡಿಯಲ್ಲಿ ಹೇಳಿದ ಅದೇ "ಸರಿ". ಗಾಜು ಕೊಯ್ಯುವ ಪೆನ್ನನ್ನು ಹಲಗೆಯಿಂದ ತೆಗೆದು ಅಂಗಿ ಜೇಬಿಗೆ ಸಿಕ್ಕಿಸಿಕೊಂಡ. ಉಜ್ಜುವ ಕಲ್ಲಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ, ದಿನದ ಕೆಲಸ ಮುಗಿದ ಮೇಲೆ ಹೊದಿಸುವ ಹಾಗೆ. "ಅಮ್ಮಾ, ಅನ್ನ ಜಾಸ್ತಿ ಆಗುತ್ತೆ, ಬೆಕ್ಕಿಗೆ ಹಾಕು," ಅಂತ ತಮ್ಮನ ಹೆಂಡತಿಗೆ ಹೇಳಿದ. ಚೀಲ ಎತ್ತಿಕೊಂಡ.

"ಭಾವ ಹೋದ್ರೆ ಬರಲ್ಲ ಕಣ್ರೀ," ಅಂದಳು ಹೆಂಡತಿ. "ಹಿಂದೆ ಹೋಗ್ರೀ."

"ಮಗಳ ಮನೆ ತಾನೇ. ಸಿಟ್ಟು ಇಳಿದ್ಮೇಲೆ ಬರ್ತಾನೆ," ಅಂದ ಚಾಳೀಸು. ಕಾಲು ಮುಂದಿಟ್ಟ ಕೂಡ. ಅಷ್ಟರಲ್ಲಿ ಸಿಗ್ನಲ್ ಏಣಿಯಿಂದ ಇಳಿದು ಬಂದು ಅವನ ಭುಜದ ಹತ್ತಿರ ಫೋನಿಗೆ ಬಗ್ಗಿದ.

"ತಡೀರಿ ಸಾರ್, ಟೆಸ್ಟಿಂಗ್ ಇದೇ. ಮನುಷ್ಯ ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್ನಿಗೆ ದಾಟುವಾಗಲೇ ಕಟ್ ಆಗೋದು. ನೋಡೋಣ."

ಇಬ್ಬರೂ ನೋಡಿದರು. ಅಣ್ಣ ನಾಲ್ಕನೇ ಚೌಕದಿಂದ ಹೊರಗೆ ಹೋದ, ಅಂಗಳ ದಾಟಿದ. ಅವನ ಬೆನ್ನು ಮೂರನೆಯದರಲ್ಲಿ ಬಂತು, ಅಡುಗೆಮನೆಯ ಹಿಂಬಾಗಿಲ ಮುಂದೆ ಹಾದು ಎರಡನೆಯದಕ್ಕೆ ಹೋಯಿತು. ಸಂದಿಯ ಉದ್ದಕ್ಕೂ ನಡೆದ. ಚೀಲ ಕೈ ಬದಲಾಯಿಸಿದ. ಮೊದಲನೇ ಚೌಕದಲ್ಲಿ ಅಂಗಡಿಯ ಮುಂದೆ ಬಂದವನು ಒಂದು ಗಳಿಗೆ ನಿಂತು ತಲೆ ಎತ್ತಿ ಬೋರ್ಡು ನೋಡಿದ. ಬಾಯಿ ತೆರೆದದ್ದು ಕಂಡಿತು, ದನಿ ಬರಲಿಲ್ಲ. ಆಮೇಲೆ ಚೌಕದ ಅಂಚಿನಿಂದ ಆಚೆ ಹೋದ.

"ಎಲ್ಲೂ ಕಟ್ ಆಗಲಿಲ್ಲ ಸಾರ್," ಅಂದ ಸಿಗ್ನಲ್. "ಫಸ್ಟ್ ಕ್ಲಾಸ್."

ಮುಂದೆ ಅಂಗಡಿಯಲ್ಲಿ ಟೈಲರ್ ಕಾಯುತ್ತಿದ್ದ. ಆವತ್ತೂ ಕಾಯುತ್ತಿದ್ದ, ಆಮೇಲೂ ಕಾಯುತ್ತಲೇ ಇದ್ದ. ಅವನ ಕನ್ನಡಕಕ್ಕೆ ಒಂದೇ ಗಾಜು ಕೂತಿತ್ತು. ಇನ್ನೊಂದನ್ನು ಉಜ್ಜಲು ಚಾಳೀಸು ಕಲ್ಲಿನ ಮುಂದೆ ಕೂತು ಅರ್ಧಚಂದ್ರ ಮಾಡಿದ, ಮತ್ತೆ ಕೂತು ಇನ್ನೊಂದು ಅರ್ಧಚಂದ್ರ ಮಾಡಿದ. ಟೈಲರ್ ಈಗ ಅದೇ ಕನ್ನಡಕ ಹಾಕಿಕೊಂಡು ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಹಾಕುತ್ತಾನೆ. ದಿನಾ ಬೆಳಿಗ್ಗೆ ಹಲಗೆಯ ಆಚೆಯಿಂದ ಕೇಳುತ್ತಾನೆ:

"ಸಾರ್, ಅಣ್ಣ ಬಂದ್ರಾ?"

ಚಾಳೀಸು ಫೋನು ತೆಗೆದು ನಾಲ್ಕನೇ ಚೌಕ ನೋಡುತ್ತಾನೆ. ಬಣ್ಣ ಚೆನ್ನಾಗಿದೆ. ಕಲ್ಲಿನ ಮೇಲೆ ಒಣಗಿದ ಬಟ್ಟೆ ಇದೆ. ಕೆಳಗೆ ಫೋನು ಬರೆದಿರುತ್ತದೆ, "ಅಣ್ಣ: ಸಂಪರ್ಕದಲ್ಲಿದೆ. ಚಲನೆ ಇಲ್ಲ."